ನೀಲಿ ಅಂಗಿ ತೊಟ್ಟ ವಿದ್ಯಾವಂತರು

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯಲ್ಲಿ ದೂರದ ಸ್ಪೇನ್ ದೇಶದ ರಾಜಕೀಯ ಪಕ್ಷವೊಂದರ ಪ್ರಸ್ತಾಪವೇಕೆಂದು ಓದುಗರಲ್ಲಿ ಕೆಲವರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉತ್ತರವಾಗಿ, ಶಾಲೆಗಳ ವಾರ್ಷಿಕೋತ್ಸವದ ವೇದಿಕೆಯಿಂದ ಪದೇ ಪದೇ ಕೇಳಿಬರುವ ಮಾತೊಂದನ್ನು ನೆನಪಿಸಲು ಇಚ್ಛಿಸುತ್ತೇನೆ. ಸರ್ವಾಧಿಕಾರವು ಅಜ್ಞಾನದ ಕೂಸು. ಅಕ್ಷರ ಹಬ್ಬಿದ ನಾಡಿನಲ್ಲಿ ಅದಕ್ಕೆ ಎಡೆಯಿಲ್ಲ. ಆದುದರಿಂದ ಶಾಲೆ ಕಟ್ಟಿದವರು ಪ್ರಜಾಪ್ರಭುತ್ವದ ಕೋಟೆಯನ್ನೇ ಕಟ್ಟಿದಂತೆ ಎಂಬುದು ಆ ಮಾತಿನ ಸಾರ. ಕೇಳಲು ಹಿತವಾದ ಮಾತು. ದಾನಿಗಳಿಗೆ ಸಂತೋಷವನ್ನೂ ಅಧ್ಯಾಪಕರಿಗೆ ಸಮಾಧಾನವನ್ನೂ ತರುವಂಥದು. ಆದರೆ ಸ್ಪೇನಿನ ಫಲಾಂಜ್ ಪಕ್ಷದ ಉದಯದ ಕಥೆಯನ್ನು ಸಾವಧಾನವಾಗಿ ಓದಿದವರಿಗೆ ಈ ಸಮಾಧಾನ ಉಳಿಯುವುದು ಕಷ್ಟ. ಆ ಫ್ಯಾಸಿಸ್ಟ್ ಪಕ್ಷಕ್ಕೆ ಮಾತು ಕೊಟ್ಟವರೂ ಅದಕ್ಕಾಗಿ ಪಿಸ್ತೂಲು ಹಿಡಿದವರೂ ಬಹುಮಟ್ಟಿಗೆ ಓದಿದವರು, ಇಲ್ಲವೆ ಇನ್ನೂ ಓದುತ್ತಿದ್ದವರು.

ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳಬೇಕು. ೧೯೨೩ರ ಸೆಪ್ಟೆಂಬರಿನಲ್ಲಿ ಜನರಲ್ ಮಿಗೆಲ್ ಪ್ರೀಮೊ ದೆ ರಿವೇರಾ ಎಂಬ ಸೇನಾಪತಿಯು ದೊರೆ ಹದಿಮೂರನೆಯ ಆಲ್ಫೊನ್ಸೊನ ಸಮ್ಮತಿ ಪಡೆದು, ಸಂವಿಧಾನವನ್ನು ಬದಿಗಿಟ್ಟು ಅಧಿಕಾರ ಹಿಡಿದನು. ಆರು ವರ್ಷಗಳ ಮೇಲೆ ಸೈನ್ಯದ ಬೆಂಬಲವನ್ನೇ ಕಳೆದುಕೊಂಡು ೧೯೩೦ರ ಜನವರಿಯಲ್ಲಿ ರಾಜೀನಾಮೆ ಕೊಟ್ಟನು. ಎರಡು ತಿಂಗಳೊಳಗೆ ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಅವನನ್ನು ನಡುಗಿಸಿದವರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳೂ ಇದ್ದರೆಂಬುದು ಗಮನಾರ್ಹ. ಮರುವರ್ಷ, ೧೯೩೧ರ ಏಪ್ರಿಲ್ ೧೪ರಂದು ಸ್ಪೇನು ಗಣರಾಜ್ಯವಾಯಿತು. ದೊರೆ ದೇಶ ಬಿಟ್ಟನು. ಜನಸಂಖ್ಯೆಯ ಸುಮಾರು ಮೂರರಲ್ಲೊಂದು ಪಾಲು ಓದುಬರಹವಿಲ್ಲದವರಿದ್ದ ಆ ದೇಶದಲ್ಲಿ ಹೊಸ ಸರ್ಕಾರವು ಮೊತ್ತಮೊದಲು ಕೈಹಾಕಿದ ಕೆಲಸಗಳಲ್ಲಿ ಶಾಲೆಗಳದೂ ಒಂದು. ಇನ್ನೂ ೨೭,೦೦೦ ಶಾಲೆಗಳು ಬೇಕೆಂದು ಲೆಕ್ಕ ಹಾಕಿ, ಮೊದಲ ವರ್ಷವೇ ೭,೦೦೦ ತೆರೆಯುವ ಯೋಜನೆ ಸಿದ್ಧವಾಯಿತು. ಹೇಸರಗತ್ತೆಯ ಮೇಲೆ ಪುಸ್ತಕಗಳನ್ನೂ ಚಲನಚಿತ್ರದ ಯಂತ್ರವನ್ನೂ ಹೇರಿಕೊಂಡು ಗುಡ್ಡಗಾಡಿನ ಹಳ್ಳಿಗಳಿಗೆ ಹೋಗುವ ‘ಬೋಧನಾ ಯಾತ್ರೆ’ಗಳು ಹೊರಟವು. ಅಕ್ಷರದಲ್ಲಿ ಇಷ್ಟು ಶ್ರದ್ಧೆಯಿಟ್ಟ ಸರ್ಕಾರಗಳು ಚರಿತ್ರೆಯಲ್ಲಿ ವಿರಳ. ಆ ಗಣರಾಜ್ಯದ ಆಯುಸ್ಸಿನಲ್ಲಿಯೇ ಫಲಾಂಜ್ ಹುಟ್ಟಿ ಬೆಳೆಯಿತು.

ಅದರ ಸ್ಥಾಪಕರು ಯಾರು? ಮೊದಲನೆಯವನು ರಾಮಿರೊ ಲೆದೆಸ್ಮಾ ರಾಮೋಸ್. ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತ ಮ್ಯಾಡ್ರಿಡ್ಡಿನಲ್ಲಿ ತತ್ತ್ವಶಾಸ್ತ್ರವನ್ನೂ ಗಣಿತವನ್ನೂ ಓದಿದ ಬಡ ಹುಡುಗ. ಹೆಸರಾಂತ ತತ್ತ್ವಜ್ಞಾನಿ ಒರ್ಟೆಗಾ ಇ ಗ್ಯಾಸೆಟ್ ಅವರ ಶಿಷ್ಯ, ಅವರ ಪತ್ರಿಕೆಯ ಲೇಖಕ. ಎರಡನೆಯವನು ಒನೇಸಿಮೊ ರೆದೊಂದೊ. ಜರ್ಮನಿಯ ಮಾನ್‌ಹೈಮಿನಲ್ಲಿ ಸ್ಪ್ಯಾನಿಷ್ ಪಾಠ ಹೇಳಿ ಬಂದು, ವಯ್ಯಾದೊಲಿದ್ ಪ್ರಾಂತದ ಸಕ್ಕರೆಗೆಡ್ಡೆ ಬೆಳೆಗಾರರ ಸಂಘದಲ್ಲಿ ದುಡಿಯುತ್ತಿದ್ದ ವಕೀಲ. ಇವರಿಬ್ಬರ ಗುಂಪುಗಳು ೧೯೩೧ರ ಅಕ್ಟೋಬರಿನಲ್ಲಿ ಒಂದಾದವು. ನೊಗ ಮತ್ತು ಬಾಣಗಳ ಲಾಂಛನವನ್ನು ಹದಿನೈದನೆಯ ಶತಮಾನದ ರಾಜದಂಪತಿ ಫರ್ಡಿನೆಂಡ್-ಇಸಬೆಲ್ಲರಿಂದ ಪಡೆದರು. ಕೆಂಪು-ಕಪ್ಪು ಧ್ವಜದ ಬಣ್ಣಗಳನ್ನಾದರೋ ತಮ್ಮ ಕಡುವೈರಿಗಳಾದ ಅರಾಜಕತಾವಾದಿ ಕಾರ್ಮಿಕರಿಂದಲೇ ಎರವಲು ತಂದರು. ಮೂರನೆಯವನು ಪದಚ್ಯುತನಾಗಿ ಸತ್ತ ಸರ್ವಾಧಿಕಾರಿಯ ಹಿರಿಯ ಮಗ ಹೊಸೆ ಆಂಟೋನಿಯೊ. ೧೯೦೩ರಲ್ಲಿ ಜನಿಸಿದವನು, ರೂಪವಂತ, ಮಿತಭಾಷಿ, ವೃತ್ತಿಯಲ್ಲಿ ಹೆಸರು ಮಾಡಿದ ವಕೀಲ. ತಂದೆಯ ಹೆಸರಿಗೆ ಅಂಟಿದ ಕಳಂಕವನ್ನು ತೊಳೆಯಬೇಕೆಂಬ ಹಟದಿಂದ ರಾಜಕೀಯಕ್ಕಿಳಿದನೆಂದು ಅವನನ್ನು ಬಲ್ಲವರು ಹೇಳುತ್ತಾರೆ. ಮೂವರಲ್ಲಿ ಒಬ್ಬನೂ ಅನಕ್ಷರಸ್ಥನಲ್ಲವೆಂದರೆ ಸಾಲದು. ಮೂವರೂ ಓದನ್ನು ಬಹಳವಾಗಿ ಪ್ರೀತಿಸಿದವರು.

೧೯೩೩ರ ಅಕ್ಟೋಬರ್ ೨೯ರಂದು ಮ್ಯಾಡ್ರಿಡ್ಡಿನ ಕಾಮೆಡಿ ರಂಗಮಂದಿರದಲ್ಲಿ ಹೊಸೆ ಆಂಟೋನಿಯೊ ತನ್ನ ಪಕ್ಷವನ್ನು ಉದ್ಘಾಟಿಸಿದನು. ಆ ಭಾಷಣ ಬಾನುಲಿಯಲ್ಲಿಯೂ ಪ್ರಸಾರವಾಯಿತು. ರೂಸೋನಿಂದ ಆರಂಭಿಸಿ, ಮತಪೆಟ್ಟಿಗೆಯು ಸತ್ಯವನ್ನು ನಿರ್ಣಯಿಸಬಲ್ಲದೆಂಬ ನಂಬಿಕೆಯನ್ನು ಹಾಸ್ಯ ಮಾಡಿ, ಪಕ್ಷಗಳಿಲ್ಲದ, ವರ್ಗಗಳಿಲ್ಲದ ಅಖಂಡ ಮಾತೃಭೂಮಿಯ ಕನಸನ್ನು ಬಿತ್ತಿ, ನ್ಯಾಯಕ್ಕೂ ಮಾತೃಭೂಮಿಗೂ ಅಪಚಾರವಾದಾಗ ಮುಷ್ಟಿಯೂ ಪಿಸ್ತೂಲೂ ಅಲ್ಲದೆ ಬೇರೆ ತರ್ಕ ಸಲ್ಲದೆಂದು ಸಾರಿದನು. ಕೊನೆಗೆ ಕಾವ್ಯದ ಮಾತು ಬಂತು: ಜನಾಂಗಗಳನ್ನು ಚಲಿಸುವಂತೆ ಮಾಡಿದವರು ಕವಿಗಳೇ ಎಂದನು. ಈ ಎರಡು ಮಾತುಗಳು, ಪಿಸ್ತೂಲು ಮತ್ತು ಕಾವ್ಯ, ಒಂದೇ ಭಾಷಣದಲ್ಲಿ ಒಂದರ ಪಕ್ಕದಲ್ಲೊಂದು ಕುಳಿತವೆಂಬುದನ್ನು ನಾವು ಮರೆಯಬಾರದು. ಬರಿಯ ಪಿಸ್ತೂಲಿನ ಮಾತಾಗಿದ್ದರೆ ಒಳ್ಳೆಯ ಮನೆತನಗಳ ಹುಡುಗರು ಕಿವಿಗೊಡುತ್ತಿರಲಿಲ್ಲ.

ಮರುತಿಂಗಳ ಚುನಾವಣೆಯಲ್ಲಿ ಕಾದಿಜ್ ಪ್ರಾಂತದಿಂದ ಬಲಪಂಥೀಯರ ಪಟ್ಟಿಯಲ್ಲಿ ನಿಂತು ಅವನು ಸಂಸತ್ತಿನ ಸದಸ್ಯನೂ ಆದನು. ೧೯೩೪ರ ಫೆಬ್ರುವರಿಯಲ್ಲಿ ಲೆದೆಸ್ಮಾ-ರೆದೊಂದೊರ ಗುಂಪು ಫಲಾಂಜಿನಲ್ಲಿ ವಿಲೀನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸೆ ಆಂಟೋನಿಯೊ ಏಕೈಕ ನಾಯಕನಾದನು. ಕಾರ್ಮಿಕರ ಉಡುಪನ್ನು ನೆನಪಿಸುವ ನೀಲಿ ಅಂಗಿ ಪಕ್ಷದ ಸಮವಸ್ತ್ರವಾಯಿತು. ಅಂಗಿ ಕಾರ್ಮಿಕರದು, ತೊಟ್ಟವರಲ್ಲಿ ಮಾತ್ರ ವಿದ್ಯಾರ್ಥಿಗಳದೇ ಮೇಲುಗೈ. ದಕ್ಷಿಣದ ಆಂದಲೂಸಿಯಾದ ಭೂಹೀನ ಕೂಲಿಗಳು, ದೇಶದಲ್ಲೆಲ್ಲ ಹೆಚ್ಚು ಅನಕ್ಷರಸ್ಥರಾಗಿದ್ದವರು, ಈ ಪಕ್ಷವನ್ನು ಕಣ್ಣೆತ್ತಿ ನೋಡಲಿಲ್ಲ. ಅವರು ಅರಾಜಕತಾವಾದಿಗಳ ಅಥವಾ ಸಮಾಜವಾದಿಗಳ ಸಂಘಗಳಲ್ಲಿದ್ದರು. ಮ್ಯಾಡ್ರಿಡ್, ವಯ್ಯಾದೊಲಿದ್, ಸೆವಿಲ್ ನಗರಗಳ ಕಾಲೇಜುಗಳಿಂದ ಮಾತ್ರ ಹುಡುಗರು ಬಂದರು. ಸದಸ್ಯರಲ್ಲಿ ಅನೇಕರು ಮತದಾನದ ವಯಸ್ಸನ್ನೂ ಮುಟ್ಟಿರಲಿಲ್ಲ. ಆ ಗಣರಾಜ್ಯದಲ್ಲಿ ಅದು ೨೩ ವರ್ಷ.

ಇಲ್ಲಿ ಹೋಲಿಕೆಯೊಂದು ತಾನಾಗಿಯೇ ಮನಸ್ಸಿಗೆ ಬರುತ್ತದೆ. ೧೯೩೨ರಲ್ಲಿ ಅದೇ ಮ್ಯಾಡ್ರಿಡ್ಡಿನ ವಿದ್ಯಾರ್ಥಿಗಳು ಕವಿ ಫೆದೆರಿಕೊ ಗಾರ್ಸಿಯಾ ಲೋರ್ಕಾನ ಮುಂದಾಳುತನದಲ್ಲಿ ‘ಲಾ ಬರ್ರಾಕಾ’ ಎಂಬ ಸಂಚಾರಿ ನಾಟಕ ಮಂಡಳಿಯನ್ನು ಕಟ್ಟಿದ್ದರು. ಸೆರ್ವಾಂಟಿಸ್, ಲೋಪೆ ದೆ ವೇಗಾ, ಕಾಲ್ದೆರೊನ್ ಮೊದಲಾದ ಹಳೆಯ ಮಹಾಕವಿಗಳ ನಾಟಕಗಳನ್ನು ಲಾರಿಯಲ್ಲಿ ಹೊತ್ತು ಹಳ್ಳಿ ಹಳ್ಳಿಯ ಚೌಕದಲ್ಲಿ ಆಡಿ ತೋರಿಸಿದರು. ಅವರು ಕೆಲಸದ ವೇಳೆ ತೊಡುತ್ತಿದ್ದುದೂ ಕಾರ್ಮಿಕರ ನೀಲಿ ಉಡುಪೇ. ಒಂದೇ ವಿಶ್ವವಿದ್ಯಾನಿಲಯ, ಒಂದೇ ತಲೆಮಾರು, ಬಟ್ಟೆಯ ಬಣ್ಣವೂ ಒಂದೇ. ದೇಶದ ಹಳೆಯ ಕಾವ್ಯದ ಮೇಲಿನ ಅಭಿಮಾನವೂ ಇಬ್ಬರಿಗೂ ಸಮಾನ. ಒಂದು ಗುಂಪು ಆ ಅಭಿಮಾನವನ್ನು ಹಳ್ಳಿಗರಿಗೆ ಹಂಚಲು ಹೋಯಿತು, ಇನ್ನೊಂದು ಅದನ್ನು ಪರರನ್ನು ದೇಶದ್ರೋಹಿಗಳೆನ್ನುವ ಅಧಿಕಾರವನ್ನಾಗಿ ಮಾಡಿಕೊಂಡಿತು. ಪಠ್ಯಪುಸ್ತಕಗಳಿಂದ ಈ ವ್ಯತ್ಯಾಸ ಹುಟ್ಟಿತೆಂದು ಹೇಳಲು ಬಾರದು, ಅವು ಇಬ್ಬರಿಗೂ ಒಂದೇ ಆಗಿದ್ದವು.

೧೯೩೪ರ ಫೆಬ್ರುವರಿ ೯ರಂದು ಮತಿಯಾಸ್ ಮೊಂತೆರೊ ಎಂಬ ವೈದ್ಯಕೀಯ ವಿದ್ಯಾರ್ಥಿಯು ಪಕ್ಷದ ಪತ್ರಿಕೆಯ ಮಾರಾಟ ಮುಗಿಸಿ ಮನೆಗೆ ಮರಳುವಾಗ ಎಡಪಂಥೀಯನೊಬ್ಬನ ಗುಂಡಿಗೆ ಬಲಿಯಾದನು. ಹೊಸೆ ಆಂಟೋನಿಯೊ ಸಮಾಧಿಯ ಬಳಿ ಮಾತನಾಡಿದನಲ್ಲದೆ ತಕ್ಷಣ ಸೇಡಿಗೆ ಆಜ್ಞೆ ಕೊಡಲಿಲ್ಲ. ಆಗ ಅವನನ್ನು ಹೀಯಾಳಿಸಿದವರು ಯಾರು? ಎಡಪಂಥೀಯರಲ್ಲ, ಮ್ಯಾಡ್ರಿಡ್ಡಿನ ಸಂಭಾವಿತ, ಸಿರಿವಂತ, ದೈವಭಕ್ತ ಸಮಾಜ. ಪಕ್ಷದ ಹೆಸರಿನ ಮೊದಲಕ್ಷರಗಳಿಗೆ ‘ಸ್ಪ್ಯಾನಿಷ್ ಶವಸಂಸ್ಕಾರ ಮಂಡಳಿ’ ಎಂದು ಅರ್ಥ ಹಚ್ಚಿ ನಕ್ಕರು. ನಾಲ್ಕು ತಿಂಗಳೊಳಗೆ ಆ ನಗೆಗೆ ಉತ್ತರ ಬಂತು. ಜೂನಿನಲ್ಲಿ ಮತ್ತೊಬ್ಬ ಫಲಾಂಜ್ ತರುಣನ ಕೊಲೆಯಾದ ದಿನವೇ ಪಕ್ಷದ ಹುಡುಗರು ವಿಹಾರದಿಂದ ಮರಳುತ್ತಿದ್ದ ಸಮಾಜವಾದಿ ಯುವತಿ ಹುವಾನಿತಾ ರಿಕೊಳನ್ನು ಗುಂಡಿಟ್ಟು ಕೊಂದರು. ಗುಂಡು ಹಾರಿಸಿದವರ ಅಪರಾಧವನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. ಆದರೆ ಪರರ ಮಕ್ಕಳನ್ನು ಕೊಲೆಗೆ ಚುಚ್ಚಿಕೊಟ್ಟು, ತಾವು ಸಭ್ಯರಾಗಿ ಉಳಿದ ಹಿರಿಯರನ್ನು ಚರಿತ್ರೆ ಬಹಳ ಸುಲಭವಾಗಿ ಬಿಟ್ಟುಬಿಟ್ಟಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪಕ್ಷಕ್ಕೆ ಹಣವೂ ಇಂಥವರಿಂದಲೇ ಬಂತು: ಮೊದಲು ರಾಜಪ್ರಭುತ್ವವಾದಿ ಶ್ರೀಮಂತರ ಕೊಡುಗೆ, ಅದು ಬತ್ತಿದ ಮೇಲೆ, ೧೯೩೫ರಿಂದ, ಮುಸ್ಸೋಲಿನಿಯ ಸರ್ಕಾರ ಪ್ಯಾರಿಸ್ಸಿನ ಮೂಲಕ ಗುಟ್ಟಾಗಿ ತಿಂಗಳಿಗೆ ಕೊಡುತ್ತಿದ್ದ ೫೦,೦೦೦ ಲಿರಾ. ಸ್ವದೇಶಾಭಿಮಾನವನ್ನೇ ಉಸಿರಾಡುತ್ತಿದ್ದ ಪಕ್ಷದ ಬೊಕ್ಕಸ ಹೀಗೆ ತುಂಬುತ್ತಿತ್ತು!

ಗುರುಗಳ ವಿಷಯಕ್ಕೆ ಬರೋಣ. ಒರ್ಟೆಗಾ ಅವರು ಎಂದೂ ಫಲಾಂಜ್ ಸೇರಿದವರಲ್ಲ. ಗಣರಾಜ್ಯವನ್ನು ಬರಮಾಡಿಕೊಂಡವರಲ್ಲಿ ಅವರೂ ಒಬ್ಬರು. ಬೇಗನೆ ಬೇಸರಗೊಂಡು ರಾಜಕೀಯದಿಂದ ಹಿಂದೆ ಸರಿದರು. ಆದರೆ ದೇಶಕ್ಕೆ ಬೆನ್ನೆಲುಬಿಲ್ಲ, ಆಯ್ದ ಕೆಲವರು ಮುನ್ನಡೆಸಿದಲ್ಲದೆ ಜನಸಮೂಹಕ್ಕೆ ಗತಿಯಿಲ್ಲ ಎಂದು ಅವರು ಬರೆದುದನ್ನು ಈ ಹುಡುಗರು ಕಂಠಪಾಠ ಮಾಡಿದ್ದರು. ೧೯೩೫ರ ಡಿಸೆಂಬರಿನಲ್ಲಿ, ಅವರ ಪ್ರಾಧ್ಯಾಪಕ ವೃತ್ತಿಗೆ ಇಪ್ಪತ್ತೈದು ವರ್ಷ ತುಂಬಿದ ಸಂದರ್ಭದಲ್ಲಿ, ಹೊಸೆ ಆಂಟೋನಿಯೊ ಪಕ್ಷದ ವಿದ್ಯಾರ್ಥಿ ಪತ್ರಿಕೆಯಲ್ಲಿ ಅವರನ್ನು ಕುರಿತು ಲೇಖನ ಬರೆದನು. ಶೀರ್ಷಿಕೆಯಲ್ಲಿಯೇ ಗೌರವವೂ ಆಕ್ಷೇಪವೂ ಜೊತೆಯಾಗಿದ್ದವು. ನಮ್ಮನ್ನು ಎಬ್ಬಿಸಿದಿರಿ, ಅರ್ಧ ದಾರಿಯಲ್ಲಿ ಕೈಬಿಟ್ಟಿರಿ ಎಂಬುದು ಅದರ ಧ್ವನಿ. ಅಧ್ಯಾಪಕರಾದವರು ಈ ಆಕ್ಷೇಪವನ್ನು ಲಘುವಾಗಿ ತೆಗೆದುಕೊಳ್ಳುವಂತಿಲ್ಲ. ಶಿಷ್ಯನು ತಪ್ಪು ದಾರಿ ಹಿಡಿದನೆಂಬುದು ಸರಿ. ತಪ್ಪೆಂದು ಹೇಳಬೇಕಾಗಿದ್ದ ಗುರು, ಹೇಳಬೇಕಾದ ಹೊತ್ತಿನಲ್ಲಿ, ಮೌನವಾಗಿದ್ದರು.

೧೯೩೬ರ ಫೆಬ್ರುವರಿ ೧೬ರ ಚುನಾವಣೆಯಲ್ಲಿ ಜನರು ತಮ್ಮ ತೀರ್ಪನ್ನು ಸ್ಪಷ್ಟವಾಗಿ ಕೊಟ್ಟರು. ದೇಶವ್ಯಾಪಿಯಾಗಿ ಫಲಾಂಜಿಗೆ ಬಂದ ಮತಗಳು ಸುಮಾರು ೪೪,೦೦೦; ನೂರಕ್ಕೆ ಒಂದೂ ಇಲ್ಲ. ಸ್ಥಾನ ಒಂದೂ ಸಿಗಲಿಲ್ಲ, ನಾಯಕನೇ ಸೋತನು. ವಾಚಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ಪ್ರಾರ್ಥಿಸುತ್ತೇನೆ. ಅನಕ್ಷರಸ್ಥರು ಲಕ್ಷಗಟ್ಟಲೆ ಇದ್ದ ದೇಶ ಫ್ಯಾಸಿಸ್ಟ್ ಪಕ್ಷವನ್ನು ಹೀಗೆ ತಿರಸ್ಕರಿಸಿತು. ಜರ್ಮನಿಯಲ್ಲಾದರೋ ಜಗತ್ತಿನಲ್ಲೇ ಹೆಚ್ಚು ಅಕ್ಷರಸ್ಥರಾದ ಜನರು ೧೯೩೨ರ ಜುಲೈ ಚುನಾವಣೆಯಲ್ಲಿ ಹಿಟ್ಲರನಿಗೆ ನೂರಕ್ಕೆ ೩೭ರಷ್ಟು ಮತ ಕೊಟ್ಟಿದ್ದರು.

ಹಾಗಿದ್ದರೂ ಮೂರೇ ತಿಂಗಳಲ್ಲಿ ಫಲಾಂಜ್ ಮೊದಲಿಗಿಂತ ಬಹುಪಾಲು ಹಿಗ್ಗಿತು. ಚುನಾವಣೆಯಲ್ಲಿ ಸೋತ ಕ್ಯಾಥೊಲಿಕ್ ಪಕ್ಷದ ಯುವಜನರು, ಮತದ ದಾರಿ ಇನ್ನು ಮುಗಿಯಿತೆಂದು ಬಗೆದು ಸಾಲುಸಾಲಾಗಿ ಬಂದು ಸೇರಿದರು. ಮಾರ್ಚಿ ೧೨ರಂದು ಫಲಾಂಜ್ ವಿದ್ಯಾರ್ಥಿಗಳು ಸಮಾಜವಾದಿ ನಾಯಕ ಹಿಮೆನೆಜ್ ದೆ ಅಸೂವಾ ಅವರ ಮೇಲೆ ಗುಂಡು ಹಾರಿಸಿದರು. ಅವರು ಪಾರಾದರು, ಅಂಗರಕ್ಷಕ ಸತ್ತನು. ಅಸೂವಾ ಅವರು ಕಾನೂನು ಪ್ರಾಧ್ಯಾಪಕರಾಗಿದ್ದರೆಂಬುದನ್ನು ಇಲ್ಲಿ ಹೇಳಲೇಬೇಕು. ಎರಡು ದಿನಗಳ ಮೇಲೆ ಹೊಸೆ ಆಂಟೋನಿಯೊ ಬಂಧಿತನಾದನು; ಪಕ್ಷ ನಿಷೇಧಕ್ಕೊಳಗಾಯಿತು. ಸೆರೆಮನೆಯಿಂದಲೇ ಅವನು ಮೇ ತಿಂಗಳಲ್ಲಿ ಸ್ಪೇನಿನ ಸೈನಿಕರಿಗೆ ಬಹಿರಂಗ ಪತ್ರ ಬರೆದು ಎದ್ದು ನಿಲ್ಲಿರೆಂದು ಕರೆಕೊಟ್ಟನು.

ಗಣರಾಜ್ಯದ ಪಕ್ಷಪಾತಿಯೆಂಬ ಆರೋಪ ನನ್ನ ಮೇಲೆ ಬರಬಹುದು. ೧೯೩೧ರ ಮೇ ತಿಂಗಳಲ್ಲಿ ಮಠಗಳೂ ಚರ್ಚುಗಳೂ ಉರಿದಾಗ ಸರ್ಕಾರ ಸಕಾಲದಲ್ಲಿ ತಡೆಯಲಿಲ್ಲ. ೧೯೩೪ರ ಅಕ್ಟೋಬರಿನಲ್ಲಿ ಎಡಪಂಥೀಯರೂ ಚುನಾಯಿತ ಸರ್ಕಾರದ ವಿರುದ್ಧ ಶಸ್ತ್ರವೆತ್ತಿದ್ದರು. ೧೯೩೬ರ ಜುಲೈ ೧೩ರ ನಸುಕಿನಲ್ಲಿ ವಿರೋಧ ಪಕ್ಷದ ನಾಯಕ ಕಾಲ್ವೊ ಸೊತೆಲೊವನ್ನು ಮನೆಯಿಂದ ಕರೆದೊಯ್ದು ಕೊಂದವರಲ್ಲಿ ಸರ್ಕಾರದ ಪೊಲೀಸರೇ ಇದ್ದರು. ಇವೆಲ್ಲ ನಿಜ, ಮುಚ್ಚಿಡತಕ್ಕವಲ್ಲ. ಆದರೆ ಸೈನ್ಯದ ಪಿತೂರಿ ಈ ಕೊನೆಯ ಕೊಲೆಗಿಂತ ತಿಂಗಳುಗಳ ಹಿಂದೆಯೇ ಸಿದ್ಧವಾಗುತ್ತಿತ್ತು. ಜುಲೈ ೧೭ರಂದು ಮೊರಾಕ್ಕೊದಲ್ಲಿ ದಂಗೆ ಎದ್ದಿತು. ಅಂತರ್ಯುದ್ಧ ಮೂರು ವರ್ಷ ನಡೆಯಿತು.

ಯುದ್ಧವು ಫಲಾಂಜಿನ ಸ್ಥಾಪಕರನ್ನು ನುಂಗಿ ಪಕ್ಷವನ್ನು ಬೆಳೆಸಿತು. ರೆದೊಂದೊ ಜುಲೈಯಲ್ಲಿ ಗುಂಡಿಗೆ ಬಲಿಯಾದನು. ಲೆದೆಸ್ಮಾ, ಅಷ್ಟರಲ್ಲಿ ಪಕ್ಷದಿಂದ ಹೊರದೂಡಲ್ಪಟ್ಟವನು, ಅಕ್ಟೋಬರಿನಲ್ಲಿ ಹತನಾದನು. ಹೊಸೆ ಆಂಟೋನಿಯೊನನ್ನು ನವೆಂಬರ್ ೨೦ರಂದು ಆಲಿಕಾಂತೆಯ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಪಡಿಸಲಾಯಿತು. ಕೊನೆಯ ತಿಂಗಳುಗಳಲ್ಲಿ ಅವನು ಕದನ ನಿಲ್ಲಿಸಲು ಮಧ್ಯಸ್ಥಿಕೆಗೆ ಸಿದ್ಧನೆಂದು ಹೇಳಿ ಕಳುಹಿಸಿದನು, ಎಲ್ಲ ಪಕ್ಷದವರೂ ಸೇರಿದ ಮಂತ್ರಿಮಂಡಲವೊಂದರ ಪಟ್ಟಿಯನ್ನೂ ಬರೆದಿಟ್ಟನು. ಅವನ ಅಭಿಮಾನಿಗಳು ಇದನ್ನು ಎತ್ತಿ ಹೇಳುತ್ತಾರೆ. ನನಗೂ ಆ ಹಾಳೆಗಳ ಬಗ್ಗೆ ಮರುಕವಿದೆ. ಆದರೆ ಪಿಸ್ತೂಲಿನ ತರ್ಕವನ್ನು ರಂಗಮಂದಿರದಲ್ಲಿ ಬೋಧಿಸಿದ ಮೂರು ವರ್ಷಗಳ ತರುವಾಯ ಅದನ್ನು ಸೆರೆಮನೆಯಲ್ಲಿ ಹಿಂದಕ್ಕೆ ಪಡೆಯಲಾಗುವುದಿಲ್ಲ.

ಪಕ್ಷದ ನಾಯಕತ್ವ ಮಾನುಯೆಲ್ ಎದಿಯ್ಯಾ ಎಂಬ ಯಂತ್ರ ಕೆಲಸಗಾರನಿಗೆ ಬಂತು. ೧೯೩೭ರ ಏಪ್ರಿಲ್ ೧೯ರಂದು ಜನರಲ್ ಫ್ರಾಂಕೊ ಒಂದೇ ರಾಜಾಜ್ಞೆಯಿಂದ ಫಲಾಂಜನ್ನೂ ಅದಕ್ಕೆ ಸಿದ್ಧಾಂತದಲ್ಲಿ ಬದ್ಧವಿರೋಧಿಗಳಾಗಿದ್ದ ಸಂಪ್ರದಾಯವಾದಿ ಕಾರ್ಲಿಸ್ಟರನ್ನೂ ಒಂದುಗೂಡಿಸಿ ತಾನೇ ಮುಖ್ಯಸ್ಥನಾದನು. ನೀಲಿ ಅಂಗಿಯ ಮೇಲೆ ಕಾರ್ಲಿಸ್ಟರ ಕೆಂಪು ಟೋಪಿ ಬಂತು. ಒಪ್ಪದ ಎದಿಯ್ಯಾನಿಗೆ ಮರಣದಂಡನೆ ವಿಧಿಸಿ, ಬಳಿಕ ಸೆರೆಗೆ ಇಳಿಸಲಾಯಿತು. ಪಕ್ಷದ ಮೂಲ ಕಾರ್ಯಕ್ರಮದಲ್ಲಿ ೨೭ ಸೂತ್ರಗಳಿದ್ದವು. ಫ್ರಾಂಕೊ ಇಪ್ಪತ್ತಾರನ್ನು ಉಳಿಸಿಕೊಂಡನು. ಬಿಟ್ಟ ಇಪ್ಪತ್ತೇಳನೆಯದು ಏನು ಹೇಳುತ್ತಿತ್ತು? ನಮ್ಮ ಸ್ವಂತ ಬಲದಿಂದಲೇ ಗೆಲ್ಲುವೆವು, ಅನ್ಯರೊಡನೆ ಒಪ್ಪಂದ ತೀರ ಅಪರೂಪ ಎಂದು! ಮುಂದೆ ಸದಸ್ಯರ ಸಂಖ್ಯೆ ಲಕ್ಷಗಳನ್ನು ದಾಟಿತು. ಸೈನ್ಯಾಧಿಕಾರಿಗಳು ಪದನಿಮಿತ್ತ ಸದಸ್ಯರಾದರು. ಪಕ್ಷವು ಅಧಿಕಾರಕ್ಕೆ ಏರಿತೆನ್ನುವುದಕ್ಕಿಂತ, ಅಧಿಕಾರದಲ್ಲಿದ್ದವರು ಅದರ ಅಂಗಿಯನ್ನು ಬಿಚ್ಚಿ ತಾವು ತೊಟ್ಟರೆನ್ನುವುದು ಸತ್ಯಕ್ಕೆ ಹತ್ತಿರ.

ಸಲಮಾಂಕಾ ವಿಶ್ವವಿದ್ಯಾನಿಲಯದ ರೆಕ್ಟರ್ ಮಿಗೆಲ್ ದೆ ಉನಾಮುನೊ ಅವರ ಗತಿಯನ್ನು ಇಲ್ಲಿ ನೆನೆಯದಿರಲಾಗದು. ಗಣರಾಜ್ಯದ ಅವ್ಯವಸ್ಥೆಯಿಂದ ಬೇಸತ್ತಿದ್ದ ಆ ವೃದ್ಧ ವಿದ್ವಾಂಸರು ದಂಗೆಯನ್ನು ಮೊದಲು ಸ್ವಾಗತಿಸಿದವರೇ. ತಮ್ಮ ಗೆಳೆಯರು ಒಬ್ಬೊಬ್ಬರಾಗಿ ಕಾಣೆಯಾದಾಗ ಅವರ ಕಣ್ಣು ತೆರೆಯಿತು. ೧೯೩೬ರ ಅಕ್ಟೋಬರ್ ೧೨ರಂದು ವಿಶ್ವವಿದ್ಯಾನಿಲಯದ ಸಭಾಂಗಣದಲ್ಲಿ, ಜನರಲ್ ಮಿಯ್ಯಾನ್ ಆಸ್ತ್ರಾಯ್ ಮತ್ತು ನೀಲಿ ಅಂಗಿಯವರ ಎದುರಿನಲ್ಲಿ, ಎದ್ದು ನಿಂತು ಪ್ರತಿಭಟಿಸಿದರು. ಪದವಿ ಹೋಯಿತು, ಮನೆಯೇ ಸೆರೆಯಾಯಿತು, ವರ್ಷದ ಕೊನೆಯ ದಿನ ತೀರಿಕೊಂಡರು. ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಫಲಾಂಜ್ ಸದಸ್ಯರು. ಗ್ರನಾಡಾದಲ್ಲಿ ಲೋರ್ಕಾನಿಗೂ ಕೊನೆಯ ಆಶ್ರಯ ಸಿಕ್ಕಿದ್ದು ಫಲಾಂಜ್ ಸದಸ್ಯರಿದ್ದ ಮನೆಯಲ್ಲಿ, ಕವಿಮಿತ್ರ ಲೂಯಿಸ್ ರೊಸಾಲೆಸ್‌ನ ಮನೆಯಲ್ಲಿ. ಆಗಸ್ಟಿನಲ್ಲಿ ಅಲ್ಲಿಂದಲೇ ಅವನನ್ನು ಹಿಡಿದೊಯ್ದು ಕೊಂದರು. ಆ ಮನೆಯ ನೀಲಿ ಅಂಗಿಗಳು ಅವನನ್ನು ಉಳಿಸಲಾರದೆ ಹೋದವು.

ಹೆಸರಿಲ್ಲದ ಶಾಲಾಮಾಸ್ತರರ ಪಾಡು ಇದಕ್ಕಿಂತ ಭಿನ್ನವಾಗಿರಲಿಲ್ಲ. ೧೯೩೬ರ ನವೆಂಬರಿನ ಆಜ್ಞೆಯಂತೆ ಪ್ರತಿ ಪ್ರಾಂತದಲ್ಲಿಯೂ ಶುದ್ಧೀಕರಣ ಸಮಿತಿಗಳು ನೇಮಕವಾದವು. ಊರಿನ ಪಾದ್ರಿ, ಮೇಯರು, ಪೊಲೀಸ್ ಠಾಣೆಯ ಮುಖ್ಯಸ್ಥ ಹಾಗೂ ಒಬ್ಬ ಪೋಷಕ ಪ್ರತಿಯೊಬ್ಬ ಉಪಾಧ್ಯಾಯನ ನಡತೆ, ದೈವಭಕ್ತಿ, ರಾಜಕೀಯಗಳನ್ನು ಕುರಿತು ವರದಿ ಬರೆಯಬೇಕು. ಸುಮಾರು ನಾಲ್ಕರಲ್ಲೊಂದು ಪಾಲು ಉಪಾಧ್ಯಾಯರು ಶಿಕ್ಷೆಗೊಳಗಾದರು: ಕೆಲವರು ವಜಾ, ಕೆಲವರಿಗೆ ದೂರದ ಊರಿಗೆ ವರ್ಗ, ಕೆಲವರಿಗೆ ಅಮಾನತು. ಅದಕ್ಕೂ ಮೊದಲೇ ಗುಂಡಿಗೆ ಬಲಿಯಾದವರು ಬೇರೆ. ಅವರು ತೆರವು ಮಾಡಿದ ಕುರ್ಚಿಗಳಲ್ಲಿ ಅನೇಕ ಕಡೆ ಯುದ್ಧದಿಂದ ಮರಳಿದ ಸೈನಿಕರು ಬಂದು ಕುಳಿತರು. ೧೯೪೩ರ ಕಾನೂನಿನ ಪ್ರಕಾರ ಫಲಾಂಜಿನ ವಿದ್ಯಾರ್ಥಿ ಸಂಘದ ಸದಸ್ಯತ್ವ ಪ್ರತಿಯೊಬ್ಬ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗೂ ಕಡ್ಡಾಯವಾಯಿತು. ಒಂದು ಕಾಲಕ್ಕೆ ಹುಡುಗರು ಮನೆಯವರನ್ನು ಧಿಕ್ಕರಿಸಿ ಸೇರಿದ್ದ ಸಂಘ, ಈಗ ಶುಲ್ಕದ ರಸೀತಿಯೊಡನೆ ತಾನಾಗಿ ಬರತೊಡಗಿತು. ಅದರ ಜೀವ ಹೋದದ್ದು ಅಲ್ಲಿಯೇ ಎಂದು ನನಗನಿಸುತ್ತದೆ.

ಸಂಘವನ್ನು ಮುರಿದವರೂ ವಿದ್ಯಾರ್ಥಿಗಳೇ. ೧೯೫೬ರ ಫೆಬ್ರುವರಿಯಲ್ಲಿ ಮ್ಯಾಡ್ರಿಡ್ ವಿಶ್ವವಿದ್ಯಾನಿಲಯದಲ್ಲಿ ಅದರ ವಿರುದ್ಧ ಗಲಭೆ ಎದ್ದಿತು. ಬಂಧಿತರಾದವರಲ್ಲಿ ದಿಯೊನಿಸಿಯೊ ರಿದ್ರುಯೆಹೊ ಎಂಬ ಕವಿಯೂ ಇದ್ದನು. ಪಕ್ಷಗೀತೆಯ ರಚನೆಯಲ್ಲಿ ಕೈಜೋಡಿಸಿ, ಯುದ್ಧಕಾಲದಲ್ಲಿ ಫ್ರಾಂಕೊನ ಪ್ರಚಾರ ವಿಭಾಗವನ್ನು ನಡೆಸಿ, ೧೯೪೨ರಲ್ಲಿ ಎಲ್ಲವನ್ನೂ ತೊರೆದು ಗಡೀಪಾರಾದವನು. ರೆಕ್ಟರ್ ಪದವಿಗೆ ರಾಜೀನಾಮೆಯಿತ್ತ ಪೇದ್ರೊ ಲಾಯಿನ್ ಎಂತ್ರಾಲ್ಗೊ ಕೂಡ ಹಿಂದಿನ ಫಲಾಂಜ್ ಬರಹಗಾರರೇ. ೧೯೬೫ರಲ್ಲಿ ಮತ್ತೆ ಚಳವಳಿ ನಡೆದು, ವಿದ್ಯಾರ್ಥಿಗಳ ಪಕ್ಕದಲ್ಲಿ ನಡೆದ ಅರಾಂಗುರೆನ್, ತಿಯೆರ್ನೊ ಗಾಲ್ವಾನ್ ಮತ್ತು ಗಾರ್ಸಿಯಾ ಕಾಲ್ವೊ ಎಂಬ ಪ್ರಾಧ್ಯಾಪಕರು ಹುದ್ದೆ ಕಳೆದುಕೊಂಡರು. ಆ ವರ್ಷವೇ ಸಂಘವೂ ವಿಸರ್ಜನೆಯಾಯಿತು. ಫ್ರಾಂಕೊ ೧೯೭೫ರ ನವೆಂಬರ್ ೨೦ರಂದು ಸತ್ತನು. ಪಕ್ಷದ ಸರ್ಕಾರಿ ರೂಪ ೧೯೭೭ರಲ್ಲಿ ಅಳಿಯಿತು. ಫ್ರಾಂಕೊನ ಬೃಹತ್ ಸ್ಮಾರಕದಲ್ಲಿ ೧೯೫೯ರಿಂದ ಮಲಗಿದ್ದ ಹೊಸೆ ಆಂಟೋನಿಯೊನ ಅವಶೇಷಗಳನ್ನು ೨೦೨೩ರ ಏಪ್ರಿಲಿನಲ್ಲಿ ಅಲ್ಲಿಂದ ತೆಗೆದು ಮ್ಯಾಡ್ರಿಡ್ಡಿನ ಸಾಮಾನ್ಯ ಸ್ಮಶಾನವೊಂದರಲ್ಲಿ ಹೂಳಲಾಯಿತು.

ಲಾಯಿನ್ ಎಂತ್ರಾಲ್ಗೊ ಅವರು ವೈದ್ಯಶಾಸ್ತ್ರದ ಇತಿಹಾಸದ ಪ್ರಾಧ್ಯಾಪಕರಾಗಿಯೇ ಮುಂದುವರಿದರು. ತಾವು ಫಲಾಂಜಿನಲ್ಲಿದ್ದ ವರ್ಷಗಳಿಗೆ ಲೆಕ್ಕ ಒಪ್ಪಿಸಿ ಅವರು ಬರೆದ ಆತ್ಮಕಥೆ, ಅಂತಃಸಾಕ್ಷಿಯ ಹೊರೆಯಿಳಿಸುವುದೆಂಬ ಅರ್ಥದ ಶೀರ್ಷಿಕೆಯದು, ೧೯೭೬ರಲ್ಲಿ ಪ್ರಕಟವಾಯಿತು. ಆಗ ಅವರಿಗೆ ೬೮ ವರ್ಷ. ಅದನ್ನು ಓದಿ ಉತ್ತರಿಸಬಹುದಾಗಿದ್ದ ರಿದ್ರುಯೆಹೊ ಹಿಂದಿನ ವರ್ಷವೇ ತೀರಿಕೊಂಡಿದ್ದನು.